ಟರ್ಕಿಶ್ ವಿಭಕ್ತಿಗೆ ಕನ್ನಡ ಶಾಲೆಯ ದಾರಿ

ಟರ್ಕಿಶ್ ಕಲಿಯಲು ಹೊರಟ ಕನ್ನಡದವರಿಗೆ ನನ್ನ ಮೊದಲ ಮಾತು: ಇಂಗ್ಲಿಷ್ ಬಲ್ಲವರಿಗಾಗಿ ಬರೆದ ವ್ಯಾಕರಣ ಪುಸ್ತಕವನ್ನು ಸ್ವಲ್ಪ ದಿನ ಮುಚ್ಚಿಡಿ. ಅದರಲ್ಲಿ ತಪ್ಪಿದೆ ಅಂತಲ್ಲ. ನಾಮಪದದ ಬೆನ್ನಿಗೆ ಪ್ರತ್ಯಯ ಹತ್ತುತ್ತದೆ ಎಂದು ಒಪ್ಪಿಸುವುದಕ್ಕೇ ಅವರಿಗೆ ಪುಟಗಟ್ಟಲೆ ಬೇಕಾಗುತ್ತದೆ. ಮನೆ, ಮನೆಯನ್ನು, ಮನೆಗೆ, ಮನೆಯಲ್ಲಿ ಅನ್ನುತ್ತಲೇ ಬೆಳೆದ ನಮಗೆ ಅದನ್ನು ಹೇಳಿಕೊಡಬೇಕಾ? ನಮಗೆ ಕಷ್ಟ ಇರುವುದು ಒಡೆತನ ತೋರಿಸುವ ಪ್ರತ್ಯಯದಲ್ಲಿ. ಆ ಪುಸ್ತಕಗಳು ಅಲ್ಲಿಗೆ ಬರುವಷ್ಟರಲ್ಲಿ ಓದುವವರಿಗೆ ಸುಸ್ತಾಗಿರುತ್ತದೆ.

ನಾನು ಕುಮಟಾದವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಊರಲ್ಲಿ ಈಗಲೂ ‘ಅಕ್ಕೋರು’ ಅಂತಲೇ ಕರೆಯುತ್ತಾರೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ ಟರ್ಕಿಶ್ ಧಾರಾವಾಹಿ ನೋಡುತ್ತ ಕೂತವಳಿಗೆ ಒಂದು ದಿನ ಅನುಮಾನ ಬಂತು, ಇವರ ವಾಕ್ಯ ನಮ್ಮ ವಾಕ್ಯದ ಹಾಗೇ ಓಡುತ್ತಿದೆಯಲ್ಲ ಅಂತ. ಆಮೇಲೆ ಅಂಕೋಲೆಯಲ್ಲಿರುವ ತಂಗಿಯ ಮಗ ಹಡಗಿನ ಕೆಲಸಕ್ಕೆ ಸೇರಿದ. ಅವನ ಹಡಗು ರಿಪೇರಿಗೆ ಹೋಗಿ ನಿಂತದ್ದು ಇಸ್ತಾಂಬುಲ್‌ನ ತುಜ಼್ಲಾ ಎಂಬಲ್ಲಿ. ಅಲ್ಲಿ ಸಾಲಾಗಿ ಹಡಗುಕಟ್ಟೆಗಳಿವೆ. ‘ದೊಡ್ಡಮ್ಮಾ, ಇವರು ಒಂದೊಂದು ಶಬ್ದಕ್ಕೂ ನಾಲ್ಕು ನಾಲ್ಕು ಬಾಲ ಹಚ್ಚುತ್ತಾರೆ, ನನಗೆ ತಲೆಬುಡ ಗೊತ್ತಾಗ್ತಿಲ್ಲ’ ಅಂತ ವಾಟ್ಸಾಪಿನಲ್ಲಿ ಗೋಳಾಡಿದ. ‘ಏಳನೇ ಇಯತ್ತೆಯ ಸಂಧಿ ಪಾಠ ನೆನಪಿದೆಯೇನೋ?’ ಅಂದೆ. ‘ಅದನ್ನ ಮರೆಯೋಕೇ ಹಡಗು ಹತ್ತಿದ್ದು’ ಅಂದ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬರವಣಿಗೆಯ ಒಪ್ಪಂದ. ಟರ್ಕಿಯವರು 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ರೋಮನ್ ಲಿಪಿಗೆ ಬಂದರು. ಈಗ 29 ಅಕ್ಷರ, ಅದರಲ್ಲಿ 8 ಸ್ವರ. ಐದು ಸ್ವರಕ್ಕೆ ನಮ್ಮಲ್ಲಿ ಅಕ್ಷರವಿದೆ: ಆ, ಎ, ಇ, ಒ, ಉ. ಆ ಎಂದು ಬರೆದಲ್ಲಿ ಎಳೆಯಬೇಡಿ, ಬಾಯಿ ಮಾತ್ರ ಪೂರ್ತಿ ತೆರೆಯಿರಿ. ಶಬ್ದದಲ್ಲಿ ಅ ಕಂಡರೂ ಇದೇ ಸ್ವರ ಅಂತ ಲೆಕ್ಕ ಹಿಡಿಯಿರಿ. ಉಳಿದ ಮೂರಕ್ಕೆ ನಾನು ಅವಗ್ರಹ ಚಿಹ್ನೆ ಹಾಕುತ್ತೇನೆ. ಪಾಪ, ಅದಕ್ಕೆ ಕನ್ನಡದಲ್ಲಿ ಈಗ ಬೇರೆ ಕೆಲಸವೂ ಇಲ್ಲ. ‘ಉಽ’ ಅಂದರೆ ತುಟಿ ಉ-ಗೆ ದುಂಡಗೆ, ನಾಲಿಗೆ ಇ-ಗೆ ಮುಂದೆ. ‘ಒಽ’ ಅಂದರೆ ತುಟಿ ಒ-ಗೆ, ನಾಲಿಗೆ ಎ-ಗೆ. ‘ಇಽ’ ಅಂದರೆ ಉ ಅನ್ನಲು ಹೊರಟು ತುಟಿಯನ್ನು ಮಾತ್ರ ಅಗಲ ಮಾಡಿಬಿಡುವುದು. ತುಳು ಬಲ್ಲವರಿಗೆ ಇದು ಸಲೀಸು. ತುಳುವಿನಲ್ಲಿ ಶಬ್ದದ ಕೊನೆಗೆ ಬರುವ ಅರೆ ಉಕಾರ ಇದಕ್ಕೆ ತೀರಾ ಹತ್ತಿರ.

ಟರ್ಕಿಯವರು ಈ ಎಂಟು ಸ್ವರವನ್ನು ಎರಡು ಗುಂಪು ಮಾಡುತ್ತಾರೆ. ಆ, ಇಽ, ಒ, ಉ ದಪ್ಪ ಸ್ವರ. ಎ, ಇ, ಒಽ, ಉಽ ತೆಳು ಸ್ವರ. ದಪ್ಪ, ತೆಳು ಎಂಬ ಹೆಸರೂ ಅವರವೇ. ನಿಯಮ ಒಂದೇ: ಶಬ್ದದ ಕೊನೆಯ ಸ್ವರ ನೋಡು, ಪ್ರತ್ಯಯದ ಸ್ವರ ಅದಕ್ಕೆ ಹೊಂದಬೇಕು.

ಇದನ್ನು ಅಭ್ಯಾಸ ಮಾಡಲು ನಮ್ಮ ಜಿಲ್ಲೆಯೇ ಸಾಕು. ‘ಅಲ್ಲಿ’ ಅನ್ನುವ ಪ್ರತ್ಯಯ ದಪ್ಪಕ್ಕೆ -ದಾ, ತೆಳುವಿಗೆ -ದೆ. ಈಗ ಹೆದ್ದಾರಿ ಹಿಡಿದು ಹೊರಡಿ. ಕಾರ್ವಾರ್-ದಾ, ಅಂಕೋಲಾ-ದಾ, ಗೋಕರ್ಣಾ-ದಾ, ಕುಮಟಾ-ದಾ, ಹೊನ್ನಾವರ್-ದಾ, ಭಟ್ಕಳ್-ದಾ. ಕಡಲ ತಡಿಯುದ್ದಕ್ಕೂ ಬರೀ ದಪ್ಪ ಸ್ವರ, ಒಂದೂ ತಪ್ಪಿಲ್ಲ! ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಮೇಲೆ ಹೋದರೆ ಮೊದಲ ತೆಳು ಸ್ವರ ಸಿಗುತ್ತದೆ: ಶಿರ್ಸಿ-ದೆ. ಆಚೆಗೆ ದಾಂಡೇಲಿ-ದೆ. ಯಲ್ಲಾಪುರ್, ಸಿದ್ದಾಪುರ್, ಮುಂಡಗೋಡ್ ಮತ್ತೆ ದಪ್ಪ, ಅಲ್ಲಿ -ದಾ.

ಇಷ್ಟಾದರೆ ಎರಡು ರೂಪದ ಪ್ರತ್ಯಯ ಮುಗಿಯಿತು. ಇನ್ನೊಂದು ಜಾತಿಯ ಪ್ರತ್ಯಯಕ್ಕೆ ನಾಲ್ಕು ರೂಪ ಇರುತ್ತವೆ. ಕೊನೆಯ ಸ್ವರ ಆ ಅಥವಾ ಇಽ ಆದರೆ ಇಽ. ಎ ಅಥವಾ ಇ ಆದರೆ ಇ. ಒ ಅಥವಾ ಉ ಆದರೆ ಉ. ಒಽ ಅಥವಾ ಉಽ ಆದರೆ ಉಽ. ದ್ವಿತೀಯಾ ವಿಭಕ್ತಿ ಈ ಜಾತಿಯದು. ‘ಕಾರವಾರವನ್ನು’ ಕಾರ್ವಾರ್-ಇಽ, ‘ಶಿರಸಿಯನ್ನು’ ಶಿರ್ಸಿ-ಯಿ, ‘ಯಲ್ಲಾಪುರವನ್ನು’ ಯಲ್ಲಾಪುರ್-ಉ. ಉಽ-ಗೆ ಹೊಂದುವ ಊರು ನಮ್ಮ ಜಿಲ್ಲೆಯಲ್ಲಿಲ್ಲ, ಆ ಸ್ವರವೇ ನಮ್ಮಲ್ಲಿಲ್ಲವಲ್ಲ. ಅದಕ್ಕೆ ಗೊಽಲ್ ಎಂಬ ಶಬ್ದ ಇಟ್ಟುಕೊಳ್ಳಿ. ಸರೋವರ ಅಂತ ಅರ್ಥ. ಗೊಽಲುಽ ಅಂದರೆ ಸರೋವರವನ್ನು.

ನನ್ನ ಶಿಷ್ಯನಿಗೆ ನಾಲ್ಕು ಶಬ್ದ ಬಾಯಿಪಾಠ ಕೊಟ್ಟೆ. ಎವ್ ಅಂದರೆ ಮನೆ. ಕಿಽಜ಼್ ಅಂದರೆ ಹುಡುಗಿ, ಮಗಳು. ಒಕುಲ್ ಅಂದರೆ ಶಾಲೆ. ಗೊಽಲ್ ಈಗ ತಾನೇ ಬಂತು. ಎವಿ, ಕಿಽಜ಼ಿಽ, ಒಕುಲು, ಗೊಽಲುಽ. ಹೊಸ ಪ್ರತ್ಯಯ ಯಾವುದೇ ಬರಲಿ, ಈ ನಾಲ್ಕಕ್ಕೂ ಹಚ್ಚಿ ಹೇಳಿ ನೋಡಬೇಕು. ಆಮೇಲೆ ನಿಯಮ ನೆನಪಿಡುವ ಕೆಲಸ ಬಾಯಿಯೇ ಮಾಡುತ್ತದೆ.

ಈಗ ವಿಭಕ್ತಿ. ಟರ್ಕಿಯ ಶಾಲೆಗಳಲ್ಲಿ ಐದು ಕಲಿಸುತ್ತಾರೆ. ಏನೂ ಹತ್ತದ್ದು ಒಂದು, ಆಮೇಲೆ ಇ-ಹಾಲಿ (ಹಾಲಿ ಅಂದರೆ ಸ್ಥಿತಿ, ನಮ್ಮ ವಿಭಕ್ತಿ), ಎ-ಹಾಲಿ, ದೆ-ಹಾಲಿ, ದೆನ್-ಹಾಲಿ. ಅಂದರೆ ಎವ್, ಎವಿ, ಎವೆ, ಎವ್‌ದೆ, ಎವ್‌ದೆನ್. ನಮ್ಮ ಲೆಕ್ಕದಲ್ಲಿ ಮನೆ, ಮನೆಯನ್ನು, ಮನೆಗೆ, ಮನೆಯಲ್ಲಿ, ಮನೆಯಿಂದ. ಷಷ್ಠಿಯನ್ನು ಅವರು ಹೆಚ್ಚಾಗಿ ಬೇರೆ ಪಾಠದಲ್ಲಿ ಇಡುತ್ತಾರೆ. ಯಾಕೆ ಅಂತ ಮುಂದೆ ತಿಳಿಯುತ್ತದೆ. ಸಂಬೋಧನೆಗೆ ಪ್ರತ್ಯಯವೇ ಇಲ್ಲ, ಸುಮ್ನೆ ಹೆಸರು ಹಿಡಿದು ಕೂಗಿದರಾಯಿತು.

ವಾಕ್ಯದೊಳಗೆ ನೋಡಿ. ‘ಕುಮಟಾದಿಂದ ಶಿರಸಿಗೆ ಹೋಗುತ್ತಿದ್ದೇನೆ’ ಅನ್ನಬೇಕಾದರೆ ಕುಮಟಾ-ದಾನ್ ಶಿರ್ಸಿ-ಯೆ ಗಿದಿಯೊರುಮ್. ಮೂರು ಶಬ್ದಕ್ಕೆ ಮೂರು ಶಬ್ದ, ಸಾಲು ಕೂಡ ಅದೇ. ‘ನಾನು’ ಬೇಕಿಲ್ಲ, ಕ್ರಿಯಾಪದದ ಕೊನೆಯಲ್ಲೇ ಇದೆ. ಹೋಲಿಕೆ ಮಾಡುವಾಗ ನಾವು ‘ಗಿಂತ’ ಹಾಕುವಲ್ಲಿ ಅವರು ‘ಇಂದ’ ಹಾಕುತ್ತಾರೆ. ಶಿರ್ಸಿ ಕಾರ್ವಾರ್-ದಾನ್ ಸೆರಿನ್, ಶಿರಸಿ ಕಾರವಾರಕ್ಕಿಂತ ತಂಪು. ಮೇ ತಿಂಗಳಲ್ಲಿ ಕಾರವಾರದಲ್ಲಿ ಕೂತು ಈ ವಾಕ್ಯ ಹೇಳಿಕೊಂಡರೆ ಬೇಗ ನೆನಪುಳಿಯುತ್ತದೆ.

ಎಡವುವುದು ತೃತೀಯಾ ಮತ್ತು ಪಂಚಮಿಯಲ್ಲಿ. ನಮ್ಮ ‘ಇಂದ’ ಎರಡು ಕೆಲಸ ಮಾಡುತ್ತದೆ. ಚಾಕುವಿನಿಂದ ಕೊಯ್ಯುವುದೂ ಇಂದ, ಮನೆಯಿಂದ ಬರುವುದೂ ಇಂದ. ಪಂಚಮಿಗೆ ‘ದೆಸೆಯಿಂದ’ ಅಂತ ನಾನು ಅಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟೆ. ಒಬ್ಬರಾದರೂ ಮೀನು ಪೇಟೆಯ ದೆಸೆಯಿಂದ ಬಂದದ್ದು ನಾನು ಕೇಳಿಲ್ಲ. ಟರ್ಕಿಶಿನಲ್ಲಿ ಎರಡೂ ಬೇರೆ ಬೇರೆ. ಬಿಟ್ಟು ಬಂದ ಜಾಗಕ್ಕೆ -ದೆನ್ ಅಥವಾ -ದಾನ್. ಸಾಧನಕ್ಕೆ -ಲೆ ಅಥವಾ -ಲಾ. ಇದೇ -ಲೆ ‘ಜೊತೆಗೆ’ ಅನ್ನುವುದಕ್ಕೂ ಆಗುತ್ತದೆ. ‘ಬಸ್ಸಿನಲ್ಲಿ ಬಂದೆ’ ಅನ್ನಲು ನನ್ನ ಶಿಷ್ಯ ಒತೊಬುಽಸ್ತೆ ಗೆಲ್ದಿಮ್ ಅಂದ. ಅದು ಕನ್ನಡದ ಸಪ್ತಮಿ. ಬಸ್ಸು ಬರುವುದಕ್ಕೆ ಸಾಧನ, ಹಾಗಾಗಿ ಒತೊಬುಽಸ್ಲೆ ಗೆಲ್ದಿಮ್ ಅನ್ನಬೇಕು.

ಆ ಒತೊಬುಽಸ್ತೆ ಎಂಬಲ್ಲಿ -ದೆ ಹೋಗಿ -ತೆ ಬಂದದ್ದು ಗಮನಿಸಿದಿರಾ? ಇಲ್ಲಿಂದ ಸಂಧಿ ಶುರು.

ಆಗಮ ಸಂಧಿ ನಮಗೆ ಗೊತ್ತು. ಮನೆ+ಅನ್ನು, ನಡುವೆ ಯಕಾರ ಬಂದು ಮನೆಯನ್ನು. ಟರ್ಕಿಶಿನಲ್ಲೂ ಅದೇ ಯಕಾರ. ಅರಾಬಾ ಅಂದರೆ ಕಾರು. ಅರಾಬಾಯಿಽ ಕಾರನ್ನು, ಅರಾಬಾಯಾ ಕಾರಿಗೆ. ಆದರೆ ಷಷ್ಠಿಗೆ ಬರುವುದು ನಕಾರ: ಅರಾಬಾನಿಽನ್, ಕಾರಿನ. ಮತ್ತೆ ‘ಅವನ’ ಎಂಬ ಒಡೆತನದ ಪ್ರತ್ಯಯಕ್ಕೆ ಸಕಾರ: ಅರಾಬಾಸಿಽ, ಅವನ ಕಾರು. ಟರ್ಕಿಯ ಮಕ್ಕಳು ಈ ಆಗಮಗಳನ್ನು ಯಾಶಾಸಿಽನ್ ಎಂಬ ಶಬ್ದದಲ್ಲಿ ನೆನಪಿಡುತ್ತಾರೆ. ‘ಬಾಳಲಿ, ಜಯವಾಗಲಿ’ ಅಂತ ಅರ್ಥ. ಅದರಲ್ಲಿ ಯ, ಶ, ಸ, ನ ನಾಲ್ಕೂ ಇವೆ. ಶಕಾರ ‘ಎರಡೆರಡು’ ಥರದ ಸಂಖ್ಯೆಗೆ ಬರುತ್ತದೆ, ನಮಗೆ ಇಲ್ಲಿ ಬೇಡ.

ಆದೇಶ ಸಂಧಿಯೂ ಉಂಟು. ಮಳೆ+ಕಾಲ ಮಳೆಗಾಲ, ಬೆಟ್ಟ+ತಾವರೆ ಬೆಟ್ಟದಾವರೆ. ನಮ್ಮಲ್ಲಿ ಕ, ತ, ಪ ಹೋಗಿ ಗ, ದ, ಬ ಬರುವುದು ಎರಡನೇ ಪದದ ಮೊದಲಲ್ಲಿ. ಅವರಲ್ಲಿ ಮೂಲ ಶಬ್ದದ ಕೊನೆಯಲ್ಲಿ. ಕಿತಾಪ್ ಪುಸ್ತಕ, ಕಿತಾಬಿಽ ಪುಸ್ತಕವನ್ನು. (ಕಿತಾಬು ನಮಗೂ ಗೊತ್ತಿರುವುದೇ, ಇಬ್ಬರೂ ಅರಬ್ಬಿಯಿಂದ ತಂದುಕೊಂಡದ್ದು.) ಕೊನೆಯ ಕಕಾರ ಮಾತ್ರ ಮೆತ್ತಗಾಗಿ ಹೆಚ್ಚುಕಮ್ಮಿ ಮಾಯವಾಗುತ್ತದೆ. ಬಾಲಿಽಕ್ ಮೀನು, ಬಾಲಿಽಇಽ ಮೀನನ್ನು. ಬರೆಯುವಾಗ ಅಲ್ಲೊಂದು ಟೋಪಿ ಹಾಕಿದ ಗಕಾರ ಇರುತ್ತದೆ. ಓದುವಾಗ ಅದು ಹಿಂದಿನ ಸ್ವರವನ್ನು ಎಳೆದು ಸುಮ್ಮನಾಗುತ್ತದೆ. ಒಂದೇ ಸ್ವರದ ಪುಟ್ಟ ಶಬ್ದಗಳು ಹೆಚ್ಚಾಗಿ ಬದಲಾಗುವುದಿಲ್ಲ. ಸುಽತ್ ಹಾಲು, ಸುಽತುಽ ಹಾಲನ್ನು.

ಇದರ ಉಲ್ಟಾ ಕೂಡ ಇದೆ. ಶಬ್ದದ ಕೊನೆಗೆ ಗಡಸು ವ್ಯಂಜನ ಬಂದರೆ -ದಾ ಹೋಗಿ -ತಾ, -ದಾನ್ ಹೋಗಿ -ತಾನ್. ಕಿತಾಪ್ತಾ, ಪುಸ್ತಕದಲ್ಲಿ. ಆ ಗಡಸು ವ್ಯಂಜನಗಳು ಯಾವುವು? ಅದಕ್ಕೂ ಟರ್ಕಿಯ ಮಕ್ಕಳ ಹತ್ತಿರ ಒಂದು ಸೂತ್ರವಿದೆ: ಫಿಽಸ್ತಿಽಕ್ಚಿಽ ಶಾಹಾಪ್. ಪಿಸ್ತಾ ಮಾರುವ ಶಾಹಾಪ್ ಅಂತ. ಆ ಎರಡೂ ಶಬ್ದದ ವ್ಯಂಜನಗಳೇ ಉತ್ತರ. ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿದವರಿಗೆ ಇದು ಯಾವ ಲೆಕ್ಕ!

ಲೋಪವೂ ಇದೆ, ಶಬ್ದದ ನಡುವೆ. ನೆಹಿರ್ ನದಿ, ನೆಹ್ರಿ ನದಿಯನ್ನು. ಇಸಿಮ್ ಹೆಸರು, ಇಸ್ಮಿ ಹೆಸರನ್ನು. ಇಂಥ ಶಬ್ದ ಬಂದ ಹಾಗೆ ಗುರುತು ಹಾಕಿಕೊಳ್ಳಿ, ನಿಯಮ ಹುಡುಕುತ್ತ ಕೂರಬೇಡಿ.

ದ್ವಿತೀಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲಿ ಕನ್ನಡದವರಿಗೆ ಸಿಗುವ ಲಾಭ ಇಂಗ್ಲಿಷಿನವರಿಗಿಲ್ಲ. ಕಾರವಾರದ ಮೀನು ಪೇಟೆಯಿಂದ ಬಂದು ‘ಮೀನು ತಗೊಂಡೆ’ ಅನ್ನುತ್ತೇವೆ. ಯಾವ ಮೀನು ಅಂತ ಯಾರಿಗೂ ಮುಖ್ಯ ಅಲ್ಲ. ‘ಮೀನನ್ನು ತಗೊಂಡೆ’ ಅಂದರೆ ಮೊದಲೇ ಮಾತಾಡಿದ್ದ ಆ ಮೀನು. ಟರ್ಕಿಶಿನಲ್ಲೂ ಬಾಲಿಽಕ್ ಆಲ್ದಿಽಮ್, ಬಾಲಿಽಇಽ ಆಲ್ದಿಽಮ್. ವ್ಯತ್ಯಾಸ ಅದೇ. ಆದರೆ ನಾವು ಮಾತಿನಲ್ಲಿ ‘ಅನ್ನು’ ನುಂಗಿಬಿಡುತ್ತೇವೆ, ‘ಆ ಮೀನು ತಗೊಂಡೆ’ ಅಂದರೂ ನಡೆಯುತ್ತದೆ. ಅವರಲ್ಲಿ ನಡೆಯುವುದಿಲ್ಲ. ವಸ್ತು ಇಂಥದ್ದೇ ಅಂತ ಗೊತ್ತಿದ್ದರೆ ಪ್ರತ್ಯಯ ಹಾಕಲೇಬೇಕು. ಊರಿನ ಹೆಸರು, ಮನುಷ್ಯರ ಹೆಸರು, ‘ನನ್ನ ಪುಸ್ತಕ’ ಥರದ್ದು ಕರ್ಮವಾದರೆ ಯಾವಾಗಲೂ ಹಾಕಬೇಕು.

ಈಗ ಬಂತು ನಿಜವಾದ ಘಾಟಿ.

ಕನ್ನಡದಲ್ಲಿ ಒಡೆತನದ ಗುರುತು ಒಡೆಯನ ಮೇಲೆ ಮಾತ್ರ. ನನ್ನ ಮನೆ, ನಿನ್ನ ಮನೆ, ಅವನ ಮನೆ. ಮನೆ ಹಾಗೇ ಇದೆ. ಟರ್ಕಿಶಿನಲ್ಲಿ ಗುರುತು ಮನೆಯ ಮೇಲೂ ಬೀಳುತ್ತದೆ. ಶಿರಸಿ ಪೇಟೆಗೆ ಅಡಿಕೆ ಕಳಿಸುವಾಗ ಚೀಲದ ಮೇಲೆಯೇ ಯಜಮಾನರ ಗುರುತು ಬರೆಯುತ್ತಾರಲ್ಲ, ಹಾಗೆ. ಯಜಮಾನರು ಎದುರಿಗೆ ಇಲ್ಲದಿದ್ದರೂ ಚೀಲ ನೋಡಿ ಯಾರದ್ದು ಅಂತ ಹೇಳಬಹುದು.

ಎವಿಮ್ ನನ್ನ ಮನೆ. ಎವಿನ್ ನಿನ್ನ ಮನೆ. ಎವಿ ಅವನ, ಅವಳ, ಅದರ ಮನೆ. ಎವಿಮಿಜ಼್ ನಮ್ಮ ಮನೆ. ಎವಿನಿಜ಼್ ನಿಮ್ಮ ಮನೆ. ಎವ್‌ಲೆರಿ ಅವರ ಮನೆ. ಸ್ವರದಲ್ಲಿ ಕೊನೆಯಾಗುವ ಶಬ್ದಕ್ಕೆ ಅರಾಬಾಮ್, ಅರಾಬಾನ್, ಅರಾಬಾಸಿಽ, ಅರಾಬಾಮಿಽಜ಼್, ಅರಾಬಾನಿಽಜ಼್, ಅರಾಬಾಲಾರಿಽ. ಎವಿನಿಜ಼್ ಎಂಬುದು ಒಬ್ಬರಿಗೇ ಮರ್ಯಾದೆ ಕೊಟ್ಟು ‘ತಮ್ಮ ಮನೆ’ ಅನ್ನುವುದಕ್ಕೂ ಆಗುತ್ತದೆ, ನಮ್ಮ ‘ನಿಮ್ಮ’ ಹೇಗೋ ಹಾಗೆ. ಅವನು, ಅವಳು, ಅದು ಎಂಬ ಭೇದ ಮಾತ್ರ ಅವರಲ್ಲಿ ಇಲ್ಲ. ಮೂರಕ್ಕೂ ಒಂದೇ ಶಬ್ದ, ಒ.

ಬೆನಿಮ್ ಎವಿಮ್ ಅಂದರೆ ಪೂರ್ತಿ ರೂಪ, ‘ನನ್ನ ಮನೆ-ನನ್ನದು’ ಅಂದ ಹಾಗೆ. ಬೆನಿಮ್ ಬಿಟ್ಟರೂ ಅರ್ಥ ಕೆಡುವುದಿಲ್ಲ. ಒತ್ತು ಕೊಡಬೇಕಾದಾಗ ಮಾತ್ರ ಹಾಕುತ್ತಾರೆ. ಕನ್ನಡದವರು ಮಾಡುವುದು ಇದರ ಉಲ್ಟಾ. ಬೆನಿಮ್ ಹಾಕಿ ಎವ್ ಅನ್ನು ಖಾಲಿ ಬಿಡುತ್ತಾರೆ. ಟರ್ಕಿಯವರು ತಮ್ಮತಮ್ಮಲ್ಲಿ ಆಡುವಾಗ ಕೆಲವು ಕಡೆ ಹಾಗೂ ಅನ್ನುತ್ತಾರೆ. ಆದರೆ ಕಲಿಯುವವರು ಚೀಲದ ಮೇಲಿನ ಗುರುತು ಮರೆಯಬಾರದು.

ಹೆಸರು ಬಂದಾಗ ಎರಡೂ ಕಡೆ ಗುರುತು ಖಡ್ಡಾಯ. ‘ಅಲಿಯ ಮನೆ’ ಆಲಿ-ನಿನ್ ಎವಿ. ಅಲಿಗೆ ಷಷ್ಠಿ, ಮನೆಗೆ ‘ಅವನ’. ಷಷ್ಠಿಯನ್ನು ಅವರು ಬೇರೆ ಪಾಠದಲ್ಲಿ ಇಡುವುದು ಇದಕ್ಕೇ, ಅದು ಹೆಚ್ಚಾಗಿ ಜೋಡಿಯಾಗಿ ಬರುತ್ತದೆ. ಸರಪಳಿ ಉದ್ದವಾದರೂ ನಮ್ಮ ಸಾಲೇ: ಆಲಿ-ನಿನ್ ಆರ್ಕಾದಾಶಿಽನಿಽನ್ ಎವಿನಿನ್ ಕಾಪಿಽಸಿಽ. ಅಲಿಯ ಗೆಳೆಯನ ಮನೆಯ ಬಾಗಿಲು. ಗೆಳೆಯ ಎಂಬ ಶಬ್ದ ಬಿಡಿಸಿ ನೋಡಿ. ಆರ್ಕಾದಾಶ್ ಗೆಳೆಯ, -ಇಽ ಅವನ, ನಡುವೆ ನಕಾರ, -ಇಽನ್ ಷಷ್ಠಿ. ಅಲಿಗೆ ಸೇರಿದವನು ಎಂಬ ಗುರುತೂ ಅವನ ಮೇಲಿದೆ, ಮನೆಯ ಒಡೆಯ ಎಂಬ ಗುರುತೂ ಇದೆ. ಇದನ್ನು ತಪ್ಪಿಲ್ಲದೆ ಕಟ್ಟಲು ಬಂತು ಅಂದರೆ ಟರ್ಕಿಶ್ ನಾಮಪದ ನಿಮ್ಮ ಕೈಗೆ ಬಂತು ಅಂತ ಲೆಕ್ಕ.

ಆ ನಡುವಿನ ನಕಾರದ ಬಗ್ಗೆ ಹುಷಾರು. ‘ಅವನ’ ಎಂಬ ಗುರುತು ಬಿದ್ದ ಮೇಲೆ ಮತ್ತೆ ಇ, ಎ, ದೆ, ದೆನ್, ಇನ್ ಯಾವುದು ಬಂದರೂ ನಡುವೆ ನಕಾರ ಬರುತ್ತದೆ. ಎವಿ+ದೆ ಎವಿನ್ದೆ, ಅವನ ಮನೆಯಲ್ಲಿ. ಅರಾಬಾಸಿಽ+ಆ ಎಂಬಲ್ಲಿ ಯಕಾರ ಬರಬೇಕಿತ್ತು ಅಲ್ವಾ? ಬರುವುದಿಲ್ಲ. ಅರಾಬಾಸಿಽನಾ, ಅವನ ಕಾರಿಗೆ. ನಾನು ನೆನಪಿಟ್ಟದ್ದು ‘ಊರಿನಲ್ಲಿ’ ಎಂಬ ಶಬ್ದ ಹಿಡಿದು. ಊರು+ಅಲ್ಲಿ ನಡುವೆ ನಮ್ಮಲ್ಲೂ ಒಂದು ‘ಇನ್’ ತೂರಿಕೊಂಡಿದೆಯಲ್ಲ. ಎರಡಕ್ಕೂ ಸಂಬಂಧವೇನಿಲ್ಲ, ನೆನಪಿಗೆ ಗೂಟ ಅಷ್ಟೇ.

ಗೊಂದಲಗಳೂ ಇವೆ. ಎವಿ ಅಂದರೆ ‘ಮನೆಯನ್ನು’ ಆಗಬಹುದು, ‘ಅವನ ಮನೆ’ ಆಗಬಹುದು. ಎವಿನ್ ಅಂದರೆ ‘ಮನೆಯ’, ‘ನಿನ್ನ ಮನೆ’ ಎರಡೂ. ಎವಿನ್ದೆ ಅಂದರೆ ಅವನ ಮನೆಯಲ್ಲೋ ನಿನ್ನ ಮನೆಯಲ್ಲೋ, ಶಬ್ದ ನೋಡಿ ಹೇಳಲಿಕ್ಕಾಗದು. ಕಿಽಜ಼ಿಽನಿಽ ಗೊಽರ್ದುಽಮ್ ಅಂದರೆ ‘ನಿನ್ನ ಮಗಳನ್ನು ನೋಡಿದೆ’, ಇಲ್ಲಾ ‘ಅವನ ಮಗಳನ್ನು ನೋಡಿದೆ’. ಹಡಗಿನಲ್ಲಿ ಮೇಲಿನವರ ಹತ್ತಿರ ಇಂಥ ವಾಕ್ಯ ಆಡುವ ಮುಂಚೆ ಎರಡು ಸಲ ಯೋಚಿಸು ಅಂತ ಹುಡುಗನಿಗೆ ಹೇಳಿದ್ದೇನೆ. ಸಂಶಯ ಬರುವಲ್ಲಿ ಮುಂದೆ ಸೆನಿನ್ (ನಿನ್ನ) ಅಥವಾ ಒನುನ್ (ಅವನ) ಹಾಕಿದರೆ ಮುಗಿಯಿತು. ಎಲ್ಲಕ್ಕಿಂತ ಹಠಮಾರಿ ಎವ್‌ಲೆರಿ. ಮನೆಗಳನ್ನು, ಅವನ ಮನೆಗಳು, ಅವರ ಮನೆ, ಅವರ ಮನೆಗಳು, ನಾಲ್ಕೂ ಅರ್ಥ. ಕೇಳುವಾಗ ಹಿಂದೆ ಒಡೆಯ ಇದ್ದಾನಾ ನೋಡಿ, ಕ್ರಿಯಾಪದ ಕರ್ಮ ಬೇಡುತ್ತದಾ ನೋಡಿ. ಸ್ವರಾಂತ ಶಬ್ದಗಳಲ್ಲಿ ಈ ಕಾಟ ಕಡಿಮೆ. ಅರಾಬಾಯಿಽ, ಅರಾಬಾಸಿಽ ಬೇರೆ ಬೇರೆಯೇ ಕೇಳಿಸುತ್ತವೆ. ಹೊಸಬರು ಅವುಗಳಿಂದ ಶುರು ಮಾಡುವುದು ಒಳ್ಳೆಯದು. ನೀರಿಗೆ ಮಾತ್ರ ಅದರದ್ದೇ ಲೆಕ್ಕ. ಸು ಅಂದರೆ ನೀರು, ಸುಯುಮ್ ನನ್ನ ನೀರು, ಸುಯುನ್ ನೀರಿನ. ಎಲ್ಲ ಕಡೆ ಯಕಾರ.

ಸಮಾಸಪದದಲ್ಲೂ ಈ ‘ಅವನ’ ಗುರುತು ಬರುತ್ತದೆ. ಮೀನು ಪೇಟೆ ನಮಗೆ ಎರಡು ಖಾಲಿ ಶಬ್ದ. ಅವರಿಗೆ ಬಾಲಿಽಕ್ ಪಾಜ಼ಾರಿಽ. ಮೊದಲ ಪದ ಖಾಲಿ, ಎರಡನೆಯದಕ್ಕೆ ಗುರುತು. ‘ಆ ಮೀನಿನ ಬೆಲೆ’ ಅಂದರೆ ಮಾತ್ರ ಎರಡೂ ಕಡೆ: ಬಾಲಿಽಇಽನ್ ಫಿಯಾತಿಽ. ಇಂಥದ್ದೇ ಒಂದು ಮೀನಿನ ಮಾತಾದರೆ ಷಷ್ಠಿ ಬೇಕು. ಜಾತಿ ಹೇಳುವುದಾದರೆ ಬೇಡ. ಹೆಸರುಗಳೆಲ್ಲ ಹೀಗೇ ಆಗಿವೆ. ಇಸ್ತಾಂಬುಲ್‌ನ ಗಲಾಟಾ ಗೋಪುರ ಗಾಲಾತಾ ಕುಲೆಸಿ, ಕುಲೆ ಗೋಪುರ. ಪೂರ್ವದ ದೊಡ್ಡ ಸರೋವರ ವಾನ್ ಗೊಽಲುಽ. ಹಾಗಾದರೆ ನಮ್ಮ ಕಾಳಿ ನದಿ? ಕಾಳಿ ನೆಹ್ರಿ. ನೆಹಿರ್ ನಡುವಿನ ಇಕಾರ ಲೋಪ, ಕೊನೆಗೆ ಗುರುತು. ಶರಾವತಿ ನೆಹ್ರಿ, ಅಘನಾಶಿನಿ ನೆಹ್ರಿ. ಕಾಳಿ ಸೇತುವೆ ಕಾಳಿ ಕೊಽಪ್ರುಽಸುಽ. 2024ರ ಆಗಸ್ಟಿನಲ್ಲಿ ಕುಸಿದುಬಿದ್ದ ಹಳೇ ಸೇತುವೆಯ ಮಾತಾಡಬೇಕಾದರೆ ಕಾಳಿ-ನಿನ್ ಎಸ್ಕಿ ಕೊಽಪ್ರುಽಸುಽ, ಕಾಳಿಯ ಹಳೆಯ ಸೇತುವೆ. ಗುಣವಾಚಕ ಒಡೆಯನಿಗೂ ವಸ್ತುವಿಗೂ ನಡುವೆ ಕೂರುತ್ತದೆ, ನಮ್ಮ ಹಾಗೇ. ವಿಭಕ್ತಿ ಹಚ್ಚಿದರೆ ಮತ್ತೆ ನಕಾರ: ಕಾಳಿ ನೆಹ್ರಿನ್ದೆ ಬಾಲಿಽಕ್ ವಾರ್. ಕಾಳಿ ನದಿಯಲ್ಲಿ ಮೀನಿದೆ.

ವಾರ್ ಅಂದರೆ ಇದೆ, ಯೊಕ್ ಅಂದರೆ ಇಲ್ಲ. ಈ ಎರಡು ಶಬ್ದ ಸಿಕ್ಕಿದ ಕೂಡಲೇ ಕನ್ನಡದವರು ‘ನನಗೆ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ’ ಎಂಬುದನ್ನು ಬಾನಾ (ನನಗೆ) ಅಂತ ಶುರು ಮಾಡುತ್ತಾರೆ. ಬೇಡ. ಅಲ್ಲಿ ಚತುರ್ಥಿಗೆ ಕೆಲಸವಿಲ್ಲ. ಇಕಿ ಕಿಽಜ಼ಿಽಮ್ ವಾರ್, ‘ನನ್ನ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ’ ಅನ್ನುವ ರೀತಿ. ಸಂಖ್ಯೆ ಬಂದ ಮೇಲೆ ಬಹುವಚನ ಹಾಕುವುದಿಲ್ಲ, ಎರಡು ತೆಂಗಿನಕಾಯಿ ಅಂದ ಹಾಗೆ. ದುಡ್ಡಿದೆ ಪಾರಾಮ್ ವಾರ್, ದುಡ್ಡಿಲ್ಲ ಪಾರಾಮ್ ಯೊಕ್. ಈಗ ಕೈಯಲ್ಲಿ, ಕಿಸೆಯಲ್ಲಿ ದುಡ್ಡಿದೆ ಅಂದರೆ ಬೆನ್ದೆ ಪಾರಾ ವಾರ್, ಇದು ಸಪ್ತಮಿ. ‘ನನಗೆ ತಲೆನೋವು’ ಕೂಡ ಚತುರ್ಥಿ ಬಿಟ್ಟು ಒಡೆತನಕ್ಕೆ ಹೋಗುತ್ತದೆ: ಬಾಶಿಽಮ್ ಆರಿಽಯೊರ್, ನನ್ನ ತಲೆ ನೋಯುತ್ತಿದೆ. ಕನ್ನಡದಲ್ಲಿ ‘ನನಗೆ’ ಅಂತ ಶುರುವಾಗುವ ವಾಕ್ಯ ಕಂಡಾಗೆಲ್ಲ ಒಂದು ಕ್ಷಣ ನಿಲ್ಲಿ.

ಪ್ರತ್ಯಯಗಳ ಸಾಲು ಬದಲಾಗುವುದಿಲ್ಲ. ಮೊದಲು ಶಬ್ದ, ಆಮೇಲೆ ಬಹುವಚನ, ಆಮೇಲೆ ಒಡೆಯ, ಕೊನೆಗೆ ವಿಭಕ್ತಿ. ಆರ್ಕಾದಾಶ್-ಲಾರ್-ಇಽಮ್-ದಾನ್, ನನ್ನ ಗೆಳೆಯರಿಂದ. ನಮ್ಮಲ್ಲೂ ಗೆಳೆಯ-ರ್-ಇಂದ, ಒಡೆಯನ ಜಾಗ ಮಾತ್ರ ಇಲ್ಲ. ಕಟ್ಟುವಾಗ ಎಡದಿಂದ ಕಟ್ಟಿ. ಓದುವಾಗ ಬಲದಿಂದ ಒಂದೊಂದೇ ಕಳಚಿ.

ಇನ್ನು ಕ್ರಿಯಾಪದಗಳ ಹಟ. ಯಾವ ಕ್ರಿಯೆ ಯಾವ ವಿಭಕ್ತಿ ಕೇಳುತ್ತದೆ ಎಂಬುದು ಹಲವು ಕಡೆ ನಮ್ಮದಕ್ಕೆ ಹೊಂದುತ್ತದೆ, ಕೆಲವು ಕಡೆ ಕೈಕೊಡುತ್ತದೆ. ನಾವು ನಾಯಿಗೆ ಹೆದರುತ್ತೇವೆ, ಅವರು ನಾಯಿಯಿಂದ ಹೆದರುತ್ತಾರೆ: ಕೊಽಪೆಕ್ತೆನ್ ಕೊರ್ಕುಯೊರುಮ್. ನಾವು ಬಸ್ಸಿಗೆ ಕಾಯುತ್ತೇವೆ, ಅವರು ಬಸ್ಸನ್ನು ಕಾಯುತ್ತಾರೆ: ಒತೊಬುಽಸುಽ ಬೆಕ್ಲಿಯೊರುಮ್. ನಾವು ಸಮುದ್ರ ನೋಡುತ್ತ ಕೂರುತ್ತೇವೆ, ಅವರು ಸಮುದ್ರಕ್ಕೆ ನೋಡುತ್ತಾರೆ: ದೆನಿಜ಼ೆ ಬಾಕಿಽಯೊರುಮ್. ಬಸ್ ಹತ್ತುವುದಕ್ಕೆ ಅವರಿಗೆ ಚತುರ್ಥಿ, ಇಳಿಯುವುದಕ್ಕೆ ಪಂಚಮಿ. ಸಹಾಯ ಮಾಡುವುದು ಮಾತ್ರ ಇಬ್ಬರಿಗೂ ಚತುರ್ಥಿಯೇ. ಕ್ರಿಯಾಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ‘-ದೆನ್ ಹೆದರು’, ‘-ಇ ಕಾಯು’ ಅಂತ ಪ್ರತ್ಯಯದ ಸಮೇತ ಬರೆದುಕೊಳ್ಳಿ.

ಇಷ್ಟೆಲ್ಲ ಹೊಂದಿಕೆ ನೋಡಿ ‘ಅಕ್ಕೋರೇ, ಎರಡೂ ಒಂದೇ ಮೂಲದ್ದಿರಬೇಕು’ ಅನ್ನುವವರಿದ್ದಾರೆ. ಉಜ಼್ಬೆಕಿನಲ್ಲಿ ಚತುರ್ಥಿಗೆ -ಗಾ, ಕಜ಼ಾಕಿನಲ್ಲಿ ‘ಮನೆಗೆ’ ಅನ್ನುವುದಕ್ಕೆ ಉಽಯ್‌ಗೆ. ನಮ್ಮ ‘ಗೆ’ ಅಲ್ಲಿಂದಲೇ ಬಂತು ಅಂತ ಕುಣಿದಾಡಬೇಕು ಅನಿಸುವುದು ಸಹಜ. ರಾಬರ್ಟ್ ಕಾಲ್ಡ್‌ವೆಲ್ ಅಂಥ ದೊಡ್ಡವರೇ 1856ರಲ್ಲಿ ದ್ರಾವಿಡಕ್ಕೂ ತಾವು ಸಿಥಿಯನ್ ಎಂದು ಕರೆದ ಗುಂಪಿಗೂ ನಂಟು ಹುಡುಕಿದ್ದರು. ತುರ್ಕಿ ನುಡಿಗಳೂ ಆ ಗುಂಪಿನಲ್ಲಿದ್ದವು. ಈಗಿನ ಭಾಷಾಶಾಸ್ತ್ರದಲ್ಲಿ ಆ ನಂಟಿಗೆ ಒಪ್ಪಿಗೆ ಇಲ್ಲ. ಪ್ರತ್ಯಯ ಹಿಂದೆ ಹತ್ತುವ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಹೊಂದಿಕೆಯ ಲಾಭ ಪಡೆಯಿರಿ, ವಂಶಾವಳಿ ಬರೆಯಲು ಹೋಗಬೇಡಿ.

ಕೊನೆಗೆ ಮನೆಪಾಠ. ಈ ಎರಡನ್ನು ಮೊದಲು ನೀವೇ ಕಟ್ಟಿ, ಆಮೇಲೆ ಉತ್ತರ ನೋಡಿ. ಒಂದು, ‘ಮೀನು ಪೇಟೆಯಿಂದ ನನ್ನ ಅಮ್ಮನ ಮನೆಗೆ ನಡೆದೆ’. ಎರಡು, ‘ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೇನೆ’. ಅಮ್ಮ ಆನ್ನೆ, ನಡೆದೆ ಯುಽರುಽದುಽಮ್.

ಮೊದಲನೆಯದು: ಬಾಲಿಽಕ್ ಪಾಜ಼ಾರಿಽನ್ದಾನ್ ಆನ್ನೆಮಿನ್ ಎವಿನೆ ಯುಽರುಽದುಽಮ್. ಪೇಟೆಗೆ ಸಮಾಸದ ಗುರುತು, ನಕಾರ, ಪಂಚಮಿ. ಆನ್ನೆ-ಮ್-ಇನ್, ಅಮ್ಮನಿಗೆ ‘ನನ್ನ’ ಎಂಬ ಗುರುತು, ಮೇಲೆ ಷಷ್ಠಿ. ಎವ್-ಇ-ನ್-ಎ, ಮನೆಗೆ ‘ಅವಳ’ ಎಂಬ ಗುರುತು, ನಕಾರ, ಚತುರ್ಥಿ. ಎರಡನೆಯದು: ಯಲ್ಲಾಪುರ್ ಒತೊಬುಽಸುಽನುಽ ಬೆಕ್ಲಿಯೊರುಮ್. ಯಲ್ಲಾಪುರ ಇಲ್ಲಿ ಬಸ್ಸಿನ ಜಾತಿ ಹೇಳುತ್ತದೆ, ಅದಕ್ಕೇ ಷಷ್ಠಿ ಇಲ್ಲ. ಬಸ್ಸಿಗೆ ಸಮಾಸದ ಗುರುತು ಬಿತ್ತು, ನಕಾರ ಬಂತು, ಕಾಯುವುದಕ್ಕೆ ದ್ವಿತೀಯೆ ಬೇಕಾದ್ದರಿಂದ ಕೊನೆಗೆ -ಉಽ. ಇಲ್ಲಿ -ಯುಽ ಅಂತ ಬರೆದಿದ್ದರೆ ನಕಾರದ ಪಾಠಕ್ಕೆ ಇನ್ನೊಮ್ಮೆ ಹೋಗಿ.